ಟುಕುನಿಯ ಹೆಸರು ಇರುವ ಊರು

ಹೆಮ್ಮಾಡಿಯ ಹೆದ್ದಾರಿಯಿಂದ ಎರಡು ಮೈಲಿ ಒಳಗಿದ್ದ ಆ ಅಂಗನವಾಡಿಯಲ್ಲಿ ಜೂನ್ ಮೊದಲ ವಾರ ಇದ್ದದ್ದು ಐದೇ ಮಕ್ಕಳು. ಊರಿನ ಉಳಿದ ಮಕ್ಕಳು ಟೈ ಕಟ್ಟಿಕೊಂಡು ಹಳದಿ ವ್ಯಾನಿನಲ್ಲಿ ಕುಂದಾಪುರದ ಎಲ್‌ಕೆಜಿಗೆ ಹೋಗುತ್ತಿದ್ದವು. ಸಂಖ್ಯೆ ಹತ್ತು ದಾಟದಿದ್ದರೆ ಕೇಂದ್ರವನ್ನು ಪಕ್ಕದೂರಿನ ಅಂಗನವಾಡಿಗೆ ಸೇರಿಸಿಬಿಡುತ್ತಾರೆ ಎಂದು ಮೇಲ್ವಿಚಾರಕಿ ಸ್ನೇಹಲತಾ ಎರಡು ಸಲ ಹೇಳಿ ಹೋಗಿದ್ದರು. ಇಪ್ಪತ್ತೊಂದು ವರ್ಷದಿಂದ ಅಲ್ಲಿ ಟೀಚರಾಗಿದ್ದ ಶ್ರೀಲತಾ ಮೂರನೆಯ ಸಲ ಹೇಳಿಸಿಕೊಳ್ಳುವ ಮೊದಲೇ ಛತ್ರಿ ಹಿಡಿದು ಗೇರುಬೀಜದ ಕಾರ್ಖಾನೆಯ ಹಿಂದಿನ ಶೆಡ್ಡುಗಳ ಕಡೆ ಹೊರಟಳು. ಯಾರಿಗೋ ಉಪಕಾರ ಮಾಡಬೇಕೆಂದೇನೂ ಹೋದದ್ದಲ್ಲ. ಅವಳಿಗೆ ಮಕ್ಕಳು ಬೇಕಿದ್ದವು.

ತಗಡಿನ ಮಾಡಿನ ಹನ್ನೆರಡು ಕೋಣೆಗಳಲ್ಲಿ ಒಡಿಶಾದಿಂದ ಬಂದ ಕೆಲಸದವರಿದ್ದರು. ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಬಾಗಿಲಲ್ಲಿ ಕೂತು ಮಳೆ ನೋಡುತ್ತಿದ್ದ ಮಕ್ಕಳನ್ನು ಶ್ರೀಲತಾ ಎಣಿಸಿದಳು. ಒಂಬತ್ತು. ಕೊನೆಯ ಕೋಣೆಯಲ್ಲಿ ಟುಕುನಿ ಮಾಝಿ ಎಂಬ ಹೆಂಗಸು ತಲೆಸುತ್ತು ಬಂದು ಆ ದಿನ ಕೆಲಸಕ್ಕೆ ಹೋಗದೆ ಮಲಗಿದ್ದಳು. ಇಪ್ಪತ್ತಮೂರರ ಒಳಗಿನ ವಯಸ್ಸು. ಗೇರುಸಿಪ್ಪೆಯ ಎಣ್ಣೆಗೆ ಬೆರಳ ತುದಿಗಳು ಸುಟ್ಟು ಕಪ್ಪಾಗಿದ್ದವು. ಐದು ತಿಂಗಳ ಬಸುರಿ ಎಂದು ಅವಳೇ ಹೇಳಿದ ಮೇಲೆ ಗೊತ್ತಾಯಿತು. ಹೊಟ್ಟೆ ಅಷ್ಟು ಸಣ್ಣದಿತ್ತು. ಅವಳ ಪುಟ್ಟ ಮಗಳು ಬಾಗಿಲಲ್ಲಿ ಕೂತಿದ್ದಳು.

ಶ್ರೀಲತಾಳಿಗೆ ಹಿಂದಿ ಬರುತ್ತಿತ್ತು. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಆರು ವರ್ಷ ಮುಂಬಯಿಯ ಭಾಂಡುಪಿನಲ್ಲಿದ್ದವಳು ಅವಳು.

"ಮಗಳನ್ನು ನಮ್ಮ ಅಂಗನವಾಡಿಗೆ ಕಳಿಸು. ಊಟ, ಮೊಟ್ಟೆ ಎಲ್ಲ ಅಲ್ಲೇ. ನೀನೂ ಮಧ್ಯಾಹ್ನ ಬಾ. ಬಸುರಿಯರಿಗೂ ಊಟ ಇದೆ," ಎಂದಳು.

"ನಾವು ಇಲ್ಲಿಯವರಲ್ಲ, ದೀದಿ."

"ಅಂಗನವಾಡಿಯಲ್ಲಿ ಇಲ್ಲಿಯವರು, ಹೊರಗಿನವರು ಅಂತೆಲ್ಲ ಇಲ್ಲ."

ಶ್ರೀಲತಾ ಅದನ್ನು ನಂಬಿಯೇ ಹೇಳಿದ್ದಳು. ತರಬೇತಿಯಲ್ಲಿ ಹಾಗೆಯೇ ಹೇಳಿಕೊಟ್ಟಿದ್ದರು.

ಮರುದಿನದಿಂದ ಒಂಬತ್ತು ಮಕ್ಕಳು ಬಂದವು. ಟುಕುನಿಯ ಮಗಳು ಜೂಲಿಗೆ ನಾಲ್ಕು ವರ್ಷ. ಮೊದಲ ವಾರ ಗೋಡೆಗೆ ಮುಖ ಮಾಡಿ ಕೂತವಳು, ತಿಂಗಳು ಕಳೆಯುವುದರೊಳಗೆ ಅಡುಗೆಯ ಸಹಾಯಕಿ ಗುಲಾಬಿಯ ಹಿಂದೆ ಹಿಂದೆ ಓಡಾಡಿ ಅವಳ ಕುಂದಾಪುರದ ಮಾತನ್ನೆಲ್ಲ ಕಲಿತುಕೊಂಡಳು. ಒಂದು ದಿನ ಶ್ರೀಲತಾ ಒಳಗೆ ಬರುವಾಗ ಆ ಪುಟ್ಟ ಹುಡುಗಿ ಸೊಂಟಕ್ಕೆ ಕೈಯಿಟ್ಟು ನಿಂತು, ಊರಿನ ಮಕ್ಕಳನ್ನೇ ಕೂರಲು ಹೇಳಿ ಗದರಿಸುತ್ತಿದ್ದಳು: "ಹ್ವಾಯ್, ಗಲಾಟಿ ಮಾಡ್ಬೇಡಿ! ಕೂಕಣಿ!"

ಗುಲಾಬಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಟೀಚರೆ, ಇದ್ ನಮ್ ಊರಿನ್ ಹೆಣ್ಣೇ ಆಯ್ತ್ ಕಾಣಿ."

ಹೆಸರು ಸೇರಿಸಲು ಹೊರಟಾಗ ತೊಂದರೆ ಶುರುವಾಯಿತು. ಈಗೆಲ್ಲ ಇಲಾಖೆಯ ಮೊಬೈಲಿನ ಆ್ಯಪಿನಲ್ಲಿ ಬಸುರಿಯ ಮುಖ ತೋರಿಸಬೇಕು, ಆಧಾರ್ ಹಾಕಬೇಕು, ಆಧಾರಿಗೆ ಜೋಡಿಸಿದ ಫೋನಿಗೆ ಬರುವ ಒಟಿಪಿ ಹೇಳಬೇಕು. ಟುಕುನಿಯ ಆಧಾರಿಗೆ ಇದ್ದದ್ದು ಅವಳ ಮೈದುನನ ನಂಬರು. ಅವನು ಕೇರಳದಲ್ಲಿ ಎಲ್ಲೋ ಕೆಲಸಕ್ಕಿದ್ದ, ಎರಡು ವರ್ಷದಿಂದ ಆ ನಂಬರಿಗೆ ಕರೆ ಹೋಗುತ್ತಿರಲಿಲ್ಲ. ಶ್ರೀಲತಾ ಹೇಗೋ ಮಾಡಿ ಟುಕುನಿಯನ್ನು ಕುಂದಾಪುರಕ್ಕೆ ಕರೆದುಕೊಂಡು ಹೋಗಿ ನಂಬರು ಬದಲಿಸಲು ಅರ್ಜಿ ಕೊಡಿಸಿದಳು. ಮೂರು ವಾರಕ್ಕೆ ನಂಬರು ಬದಲಾಯಿತು, ಒಟಿಪಿಯೂ ಬಂತು. ಆಗ ಮೊಬೈಲು ಇನ್ನೊಂದು ಮಾತು ಹೇಳಿತು: ಈ ಫಲಾನುಭವಿಯ ಹೆಸರು ಈಗಾಗಲೇ ಬೇರೆ ಕೇಂದ್ರದಲ್ಲಿದೆ.

ಅವಳ ಊರಿನ ಕೇಂದ್ರದಲ್ಲಿ. ಜೂಲಿ ಹುಟ್ಟಿದಾಗ ಸೇರಿಸಿದ್ದು ಹಾಗೆಯೇ ಉಳಿದಿತ್ತು. ಅಲ್ಲಿಯವರು ಬಿಟ್ಟುಕೊಡದೆ ಇಲ್ಲಿ ಸೇರುವುದಿಲ್ಲ. ಉಳಿದ ಎಂಟು ಮಕ್ಕಳ ಕಥೆಯೂ ಹೆಚ್ಚು ಕಡಿಮೆ ಅದೇ. ಇಬ್ಬರಿಗಂತೂ ಯಾವ ಕಾಗದವೂ ಇರಲಿಲ್ಲ.

ಟುಕುನಿಯ ಅಕ್ಕನ ಮೂಲಕ ಆ ಊರಿನ ಅಂಗನವಾಡಿ ಕಾರ್ಯಕರ್ತೆಯ ನಂಬರು ಸಿಕ್ಕಲು ಇನ್ನೊಂದು ವಾರ ಹಿಡಿಯಿತು. ಕುಂತಲಾ ಎಂದು ಹೆಸರು. ಅವಳ ಹಿಂದಿ ಶ್ರೀಲತಾಳ ಹಿಂದಿಗಿಂತ ಕಷ್ಟದ್ದು.

"ದೀದಿ, ಬಿಟ್ಟುಕೊಡುವುದು ನನ್ನ ಕೈಯಲ್ಲಿಲ್ಲ, ನಮ್ಮ ಮೇಡಂ ಒಪ್ಪಬೇಕು," ಎಂದಳು ಕುಂತಲಾ. "ಸುಳ್ಳು ಯಾಕೆ ಹೇಳಲಿ? ನಮ್ಮ ಊರಿನ ಅರ್ಧಕ್ಕರ್ಧ ಮನೆ ಖಾಲಿ. ಎಲ್ಲರೂ ನಿಮ್ಮ ಕಡೆ, ಕೇರಳದ ಕಡೆ ಹೋಗಿದ್ದಾರೆ. ಅವರ ಹೆಸರನ್ನೆಲ್ಲ ತೆಗೆದರೆ ನನ್ನ ಕೇಂದ್ರ ಮುಚ್ಚುತ್ತಾರೆ."

ಶ್ರೀಲತಾಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. "ಬಸುರಿ ಹೆಂಗಸು, ಕುಂತಲಾ. ರಕ್ತ ಇಲ್ಲ ಅವಳಲ್ಲಿ," ಎಂದಷ್ಟೇ ಹೇಳಿದಳು.

"ಮೇಡಂ ಹತ್ತಿರ ಕೇಳುತ್ತೇನೆ," ಎಂದಳು ಕುಂತಲಾ. ಪ್ರತಿ ಸೋಮವಾರ ಶ್ರೀಲತಾ ಫೋನು ಮಾಡುತ್ತಿದ್ದಳು. ಪ್ರತಿ ಸೋಮವಾರ ಅದೇ ಉತ್ತರ.

ಜುಲೈ ಕೊನೆಗೆ ಪಂಚಾಯಿತಿಯ ಸಭಾಭವನದಲ್ಲಿ ವಲಸೆ ಕಾರ್ಮಿಕರಿಗೆಂದು ಸಹಾಯ ಶಿಬಿರ ನಡೆಯಿತು. ಬೈಂದೂರು, ಬ್ರಹ್ಮಾವರದ ಕಡೆಯಿಂದಲೂ ಟೆಂಪೊಗಳಲ್ಲಿ ಜನ ಬಂದರು. ಆರು ಮೇಜು, ಆರು ಇಲಾಖೆ. ಅರ್ಧ ದಿನದ ಕೆಲಸ ಬಿಟ್ಟು ಬಂದ ಟುಕುನಿಯ ಜೊತೆ ಶ್ರೀಲತಾಳೂ ಸರದಿಯಲ್ಲಿ ನಿಂತಳು. ಕಾರ್ಮಿಕರ ಕಾರ್ಡಿನ ಮೇಜಿನಲ್ಲಿ ಸರ್ವರ್ ನಿಂತಿತ್ತು. ರೇಷನ್ ಮೇಜಿನವರು, ಒಡಿಶಾದ ಕಾರ್ಡಿನಲ್ಲಿ ಇಲ್ಲಿಯೂ ಅಕ್ಕಿ ಸಿಗುತ್ತದೆ ಎಂದು ಒಳ್ಳೆಯ ಮಾತಿನಲ್ಲೇ ವಿವರಿಸಿದರು. ಆದರೆ ಆ ಕಾರ್ಡಿನಲ್ಲಿದ್ದದ್ದು ಊರಲ್ಲಿದ್ದ ಅತ್ತೆಯ ಹೆಸರು ಮತ್ತು ಅತ್ತೆಯ ಬೆರಳಚ್ಚು. ಮಗಳ ಹೆಸರೂ ಅಲ್ಲಿ ಸೇರಿರಲಿಲ್ಲ. ಕೊನೆಗೆ ಎಲ್ಲರನ್ನೂ ನಿಲ್ಲಿಸಿ ಫೋಟೊ ತೆಗೆದರು. ಕೈಗೊಂದು ಕರಪತ್ರ ಕೊಟ್ಟರು, ಪೂರ್ತಿ ಕನ್ನಡದಲ್ಲಿ.

ಹಿಂದಿರುಗುವಾಗ ಟುಕುನಿ ಅದನ್ನು ಮಳೆಗೆ ನೆನೆಯದಂತೆ ಸೆರಗಿನೊಳಗೆ ಇಟ್ಟುಕೊಂಡಳು. "ಇದನ್ನು ತೋರಿಸಿದರೆ ಕೊಡುತ್ತಾರಾ, ದೀದಿ?"

"ಇದು ಬರೀ ಮಾಹಿತಿ," ಎಂದಳು ಶ್ರೀಲತಾ. ಮಾಹಿತಿ ಎಂದರೆ ಏನೆಂದು ಹಿಂದಿಯಲ್ಲಿ ಬಿಡಿಸಿ ಹೇಳುವ ಮನಸ್ಸಾಗಲಿಲ್ಲ.

ಈ ನಡುವೆ ಅವಳು ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದಳು. ಐದು ಮಕ್ಕಳ ಹೆಸರಿಗೆ ಬಂದ ಅಕ್ಕಿ, ಬೇಳೆ, ಮೊಟ್ಟೆಯನ್ನು ಹದಿನಾಲ್ಕು ಮಕ್ಕಳಿಗೆ ಮತ್ತು ಟುಕುನಿಗೆ ಹಂಚುತ್ತಿದ್ದಳು. ಗುಲಾಬಿ ಸಾರಿಗೆ ನೀರು ಹೆಚ್ಚಿಸಿದಳು, ತನ್ನ ಹಿತ್ತಲಿನ ಬಸಳೆ, ಹರಿವೆ ಸೊಪ್ಪು ತಂದು ಹಾಕಿದಳು. ಆಗಸ್ಟಿನಲ್ಲಿ ಊರಿನ ತಾಯಿಯೊಬ್ಬಳು ತನ್ನ ಮಗನಿಗೆ ಇಡೀ ಮೊಟ್ಟೆ ಸಿಗುವುದಿಲ್ಲ ಎಂದು ದೂರು ಕೊಟ್ಟಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮರುದಿನ ಸ್ನೇಹಲತಾ ಬಂದು ಅಕ್ಕಿಯ ಡಬ್ಬಿ ತೆರೆದು ನೋಡಿದರು.

"ಆ್ಯಪಲ್ಲಿ ಐದ್ ಮಕ್ಳ್. ಇಲ್ಲ್ ಹದ್ನಾಲ್ಕ್ ಮಕ್ಳ್ ಊಟ ಮಾಡ್ತೊ. ನಾ ಎಂತ ಅಂದೇಳಿ ಬರಿಲಿ, ಶ್ರೀಲತಾ?"

"ಮಕ್ಳ್ ನಿಮ್ ಕಣ್ಣೆದ್ರಿಗೇ ಇದ್ದೊ ಮೇಡಂ. ನೀವೇ ಎಣ್ಸಿ ಕಾಣಿ."

"ನಾ ಎಣ್ಸಿರೆ ಆತಿಲ್ಲೆ ಮಾರಾಯ್ತಿ, ಅದ್ ಎಣ್ಸ್ಕ್," ಎಂದು ಸ್ನೇಹಲತಾ ಮೊಬೈಲು ತೋರಿಸಿದರು. ಆಮೇಲೆ ದನಿ ತಗ್ಗಿಸಿದರು. "ಕೇಂದ್ರ ಉಳ್ಸ್ಕಂಬುಕೆ ನೀ ಇವ್ರನ್ನ ಕರ್ಕಂಡ್ ಬಂದದ್ದ್ ಅಂದೇಳಿ ಊರಂಗೆ ಮಾತಾಡ್ತ್ರ್. ನಾಳಿ ನೋಟಿಸ್ ಬಂದ್ರೆ ನಂಗೆ ಬೈಬೇಡ."

ನೋಟಿಸು ಬಂತು. ದಾಸ್ತಾನಿನ ವ್ಯತ್ಯಾಸಕ್ಕೆ ಏಳು ದಿನದೊಳಗೆ ವಿವರಣೆ ಕೊಡಬೇಕೆಂದು. ಶ್ರೀಲತಾ ಎರಡು ಪುಟ ಬರೆದು, ಹರಿದು, ಕೊನೆಗೆ "ತಪ್ಪಾಗಿದೆ, ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ" ಎಂಬ ಒಂದೇ ಸಾಲು ಬರೆದು ಸಹಿ ಹಾಕಿದಳು. ಅಂದಿನಿಂದ ಟುಕುನಿಗೆ ಕೊಡುವುದನ್ನು ತನ್ನ ಮನೆಯಿಂದಲೇ ತರತೊಡಗಿದಳು. ಪಾರ್ಶ್ವವಾಯು ಬಡಿದು ಮಲಗಿದ್ದ ಗಂಡ, ಅತ್ತೆ, ಡಿಗ್ರಿ ಓದುವ ಮಗಳು ಇದ್ದ ಮನೆಯಿಂದ ತರುವುದಾದರೂ ಎಷ್ಟು? ಬಾಟಲಿಯಲ್ಲಿ ಹಾಲು, ಒಮ್ಮೊಮ್ಮೆ ಎರಡು ಬಂಗುಡೆ ಮೀನು.

ಸೆಪ್ಟೆಂಬರ್ ಮೊದಲ ವಾರ, ತಿಂಗಳು ತುಂಬುವ ಮೊದಲೇ, ಟುಕುನಿಗೆ ಕುಂದಾಪುರದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಗಂಡುಮಗು. ಒಂದು ಕಿಲೊ ಏಳುನೂರು ಗ್ರಾಂ. ಆಸ್ಪತ್ರೆಯವರು ಕೈಲಾದದ್ದೆಲ್ಲ ಮಾಡಿದರು. ಹನ್ನೆರಡು ದಿನ ಒಳಗಿಟ್ಟುಕೊಂಡು, ವಾರಕ್ಕೊಮ್ಮೆ ತೂಕ ನೋಡಿಸಬೇಕು, ತಂಡಿ ತಾಗಬಾರದು, ದೂರದ ಪ್ರಯಾಣ ಬೇಡವೇ ಬೇಡ ಎಂದು ಬರೆದುಕೊಟ್ಟು ಕಳಿಸಿದರು. ಶ್ರೀಲತಾ ಆ ಚೀಟಿಯನ್ನು ಟುಕುನಿಗೂ ಅವಳ ಗಂಡ ಸುಕ್ರುವಿಗೂ ಎರಡೆರಡು ಸಲ ಓದಿ ಹೇಳಿದಳು.

ಆಸ್ಪತ್ರೆಯಿಂದ ಬಂದ ಐದನೆಯ ದಿನ ಬೆಳಿಗ್ಗೆ ಶೆಡ್ಡಿನ ಮಕ್ಕಳು ಒಬ್ಬರೂ ಬರಲಿಲ್ಲ. ಶ್ರೀಲತಾ ಗುಲಾಬಿಗೆ ಕೇಂದ್ರ ಒಪ್ಪಿಸಿ ಓಡಿದಳು. ಶೆಡ್ಡಿನ ಎದುರು ಎರಡು ಟೆಂಪೊ ನಿಂತಿದ್ದವು. ಪಾತ್ರೆ, ಚಾಪೆ, ಫ್ಯಾನು ಎಲ್ಲ ಹೇರಿಯಾಗಿತ್ತು. ಕೆಲಸದವರನ್ನು ನೋಡಿಕೊಳ್ಳುವ ರತ್ನಾಕರ ಬೀಗಗಳನ್ನು ಹಿಡಿದು ನಿಂತಿದ್ದ.

"ಕಚ್ಚಾ ಬೀಜ ಬತ್ತಿಲ್ಲೆ ಟೀಚರೆ. ಬಾಯ್ಲರ್ ಆಫ್ ಮಾಡಿರ್. ಎರ್ಡ್ ತಿಂಗ್ಳ್ ಕೆಲ್ಸ ಇಲ್ಲೆ. ಶೆಡ್ಡ್ ಖಾಲಿ ಮಾಡ್ಸ್ಕ್ ಅಂದೇಳಿ ಆಫೀಸಂಗೆ ಹೇಳಿರ್, ನಾ ಎಂತ ಮಾಡುದ್?"

"ಆ ಒಂದ್ ಹೆಂಗ್ಸ್ ಇರ್ಲಿ ರತ್ನಾಕರ. ಹದಿನೇಳ್ ದಿನದ್ ಮಗು."

"ಒಬ್ಳನ್ನೇ ಹ್ಯಾಂಗೆ ಬಿಡುದ್? ನಾಳಿ ಎಂತಾರೂ ಆದ್ರೆ ಯಾರ್ ಜವಾಬ್ದಾರಿ?"

ಟುಕುನಿ ಟೆಂಪೊದೊಳಗೆ, ಚೀಲಗಳ ನಡುವೆ, ಮಗುವನ್ನು ಸೀರೆಯ ಎರಡು ಸುತ್ತಿನೊಳಗೆ ಕಟ್ಟಿಕೊಂಡು ಕೂತಿದ್ದಳು. ಶ್ರೀಲತಾ ಅವಳ ಮೊಣಕಾಲು ಹಿಡಿದುಕೊಂಡಳು.

"ಹೋಗಬೇಡ. ಮೂರು ದಿನದ ರೈಲು. ಮಗು ತಡೆದುಕೊಳ್ಳುವುದಿಲ್ಲ. ಡಾಕ್ಟರ್ ಹೇಳಿದ್ದು ಕೇಳಿದ್ದೀಯಲ್ಲ."

"ಎಲ್ಲಿರಲಿ, ದೀದಿ?"

ಟುಕುನಿ ಕೇಳಿದ್ದು ಜಗಳದ ದನಿಯಲ್ಲಲ್ಲ. ಅವಳಿಗೆ ನಿಜವಾಗಿಯೂ ಉತ್ತರ ಬೇಕಿತ್ತು. ನಮ್ಮ ಮನೆಗೆ ಬಾ ಎಂಬ ಮಾತು ಶ್ರೀಲತಾಳ ಗಂಟಲಿನವರೆಗೆ ಬಂತು. ಅವಳ ಮನೆಗಿದ್ದದ್ದು ಎರಡು ಕೋಣೆ. ಒಂದರಲ್ಲಿ ಗಂಡನ ಮಂಚ, ಇನ್ನೊಂದರಲ್ಲಿ ಅತ್ತೆ ಮತ್ತು ಮಗಳು. ಊರಿನವರು ಏನೆನ್ನುತ್ತಾರೆ, ನೋಟಿಸಿನ ಮೇಲೆ ಇನ್ನೇನು ಬರುತ್ತದೆ, ಅತ್ತೆ ಒಪ್ಪುತ್ತಾರೆಯೇ? ಇಷ್ಟನ್ನು ಯೋಚಿಸುವುದರೊಳಗೆ ಡ್ರೈವರ್ ಹಾರ್ನ್ ಹೊಡೆದ. ಮಾತು ಒಳಗೇ ಉಳಿಯಿತು. ಅವಳು ತನ್ನ ಶಾಲು ತೆಗೆದು ಮಗುವಿನ ಮೇಲೆ ಹೊದಿಸಿದಳು. ಟೆಂಪೊ ಹೊರಟಾಗ ಜೂಲಿ ಹಿಂದಿನ ಸರಳು ಹಿಡಿದು, "ಟೀಚರ್, ನಾ ನಾಳಿ ಬತ್ತೆ!" ಎಂದು ಕೂಗಿದಳು.

ಕೇಂದ್ರದಲ್ಲಿ ಮತ್ತೆ ಐದು ಮಕ್ಕಳು. ಗುಲಾಬಿ ಅಭ್ಯಾಸಬಲದಿಂದ ಒಂದು ವಾರ ಹೆಚ್ಚು ಅಕ್ಕಿ ತೊಳೆಯಲು ಹೋಗಿ ಕೈ ಹಿಂದೆ ತೆಗೆದುಕೊಳ್ಳುತ್ತಿದ್ದಳು. ನವೆಂಬರಿನಲ್ಲಿ ಆದೇಶ ಬಂತು. ಮಕ್ಕಳನ್ನೂ ಸಾಮಾನನ್ನೂ ಪಕ್ಕದೂರಿನ ಅಂಗನವಾಡಿಗೆ ಸೇರಿಸಿದರು. ಗುಲಾಬಿಯನ್ನು ಬೈಂದೂರಿನ ಕಡೆ, ಶ್ರೀಲತಾಳನ್ನು ಮರವಂತೆಯ ಹತ್ತಿರದ ಒಂದು ಕೇಂದ್ರಕ್ಕೆ ಹಾಕಿದರು.

ಡಿಸೆಂಬರಿನ ಒಂದು ಬೆಳಿಗ್ಗೆ ಅವಳು ಹೆಮ್ಮಾಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಕುಂತಲಾಳ ಫೋನು ಬಂತು.

"ದೀದಿ, ಟುಕುನಿ ಊರಿಗೆ ಬಂದು ತುಂಬ ದಿನವಾಯಿತು. ಇವತ್ತು ಅವಳ ಮನೆಗೆ ಹೋಗಿದ್ದೆ. ಹೆರಿಗೆಯ ವಿವರ ನಾನು ತುಂಬಿಸಬೇಕು. ಹೆಸರು ಇಲ್ಲೇ ಇದೆಯಲ್ಲ."

ಶ್ರೀಲತಾ ಹೆರಿಗೆಯ ತಾರೀಕು ಹೇಳಿದಳು, ತೂಕ ಹೇಳಿದಳು. ಆಮೇಲೆ, "ಈಗ ಎಷ್ಟು ತೂಕ?" ಎಂದು ಕೇಳಿದಳು.

"ಮಗು ಇಲ್ಲ, ದೀದಿ. ರೈಲಿನಲ್ಲೇ ಹೋಯಿತಂತೆ. ಎರಡನೆಯ ದಿನ. ಯಾವುದೋ ಸ್ಟೇಷನ್ನಿನಲ್ಲಿ ಇಳಿಸಿ, ಹಳಿಯ ಆಚೆ ಹೂಳಿ, ಮುಂದಿನ ರೈಲು ಹಿಡಿದರಂತೆ. ಯಾವ ಸ್ಟೇಷನ್ ಅಂತ ಇಬ್ಬರಿಗೂ ಗೊತ್ತಿಲ್ಲ, ಬೋರ್ಡು ಓದಲು ಬರುವುದಿಲ್ಲ. ಎಲ್ಲಿ ಸತ್ತದ್ದು ಅಂತ ಕೇಳುತ್ತಿದೆ ಈ ಮೊಬೈಲು. ಏನು ಹಾಕಲಿ?"

"ನಮ್ಮ ಕೇಂದ್ರದ ಹೆಸರು ಹಾಕು," ಎಂದಳು ಶ್ರೀಲತಾ. ಯಾಕೆ ಹಾಗೆಂದಳೋ ಅವಳಿಗೇ ತಿಳಿಯಲಿಲ್ಲ. ಅಲ್ಲಿಂದಲೇ ಅಲ್ಲವೇ ಹೋದದ್ದು ಎನಿಸಿರಬೇಕು.

ಕುಂತಲಾ ಹುಡುಕಿದಳು. "ಆ ಹೆಸರು ಬರುತ್ತಿಲ್ಲ, ದೀದಿ."

"ಹೌದು, ಅದನ್ನು ತೆಗೆದುಹಾಕಿದ್ದಾರೆ."

"ಹಾಗಾದರೆ ಖಾಲಿ ಬಿಡುತ್ತೇನೆ," ಎಂದಳು ಕುಂತಲಾ.

ಜೂಲಿ ಹೇಗಿದ್ದಾಳೆ ಎಂದು ಶ್ರೀಲತಾ ಕೇಳಿದಳು. ಬರುತ್ತಾಳೆ, ಮೂಲೆಯಲ್ಲಿ ಕೂರುತ್ತಾಳೆ, ಮಾತಿಲ್ಲ ಎಂದಳು ಕುಂತಲಾ. ಹಬ್ಬ ಕಳೆದ ಮೇಲೆ ಟುಕುನಿ, ಸುಕ್ರು ಮತ್ತೆ ಕೆಲಸಕ್ಕೆ ಹೊರಡುತ್ತಾರಂತೆ, ಈ ಸಲ ಯಾವ ಕಡೆ ಎಂದು ಅವರಿಗೂ ಗೊತ್ತಿಲ್ಲ ಎಂದೂ ಸೇರಿಸಿದಳು.

ಮರವಂತೆಯ ಕಡೆ ಹೋಗುವ ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲು ಬಡಿದು, "ಹತ್ತಿ ಟೀಚರೆ, ಬೇಗ" ಎಂದ. ಶ್ರೀಲತಾ ಹತ್ತಿದಳು. ನಿಲ್ಲಲಷ್ಟೇ ಜಾಗವಿತ್ತು.