ಬರ್ಮಾದ ನಾಗನಿಗೆ ತನು ಎರೆಯುವ ಮುನ್ನ

ಈ ನಾಗರಪಂಚಮಿಗೆ ತಾಯಿಯನ್ನು ಬರ್ಮಾಕ್ಕೆ ಕರೆದೊಯ್ಯಲೇಬೇಕೆಂದು ಡೊಂಬಿವ್ಲಿಯ ಲೀಲಾಧರ ನಿಶ್ಚಯಿಸಿಬಿಟ್ಟಿದ್ದರು. ಅವರಿಗೆ ವಾಗ್ಳೆ ಎಸ್ಟೇಟ್ ಎಂಬ ಕೈಗಾರಿಕಾ ಪ್ರದೇಶದಲ್ಲಿ ಕ್ಯಾಂಟೀನು. ತಾಯಿ ರತ್ನಾವತಿ ಹುಟ್ಟಿದ್ದು ಬರ್ಮಾದ, ಅಂದರೆ ಈಗಿನ ಮ್ಯಾನ್ಮಾರ್‌ನ, ಮೌಲ್ಮೇನ್ ಸಮೀಪದ ಒಂದು ಊರಿನಲ್ಲಿ. ಉಡುಪಿಯಿಂದ ಹೋಗಿ ಅಕ್ಕಿ ಗಿರಣಿಯಲ್ಲಿ ದುಡಿಯುತ್ತಿದ್ದ ಅವರ ತಂದೆ ಅಲ್ಲೊಂದು ನಾಗನ ಕಲ್ಲು ಪ್ರತಿಷ್ಠೆ ಮಾಡಿಸಿದ್ದರು. ೧೯೬೪ರಲ್ಲಿ ಕುಟುಂಬ ಮರಳಿತು, ಕಲ್ಲು ಅಲ್ಲೇ ಉಳಿಯಿತು. ಕಳೆದ ವರ್ಷ ಜ್ಯೋತಿಷ್ಯ ಪ್ರಶ್ನೆ ಇಟ್ಟಾಗ ಜೋಯಿಸರು, “ಆ ನಾಗನಿಗೆ ಹಾಲು-ಎಳನೀರಿನ ತನು ಎರೆಯುವವರು ಯಾರು?” ಎಂದು ಕೇಳಿದ್ದರು. ಅಂದಿನಿಂದ ರತ್ನಾವತಿಗೆ ಅದೇ ಚಿಂತೆ.

ಒಂದು ಭಾನುವಾರ ಪಕ್ಕದ ಮನೆಯ ರಮಿತಾ ಬಂದಳು. ಅವಳಿಗೆ ಸಾನಪಾಡಾದ ಟ್ರಾವೆಲ್ ಕಚೇರಿಯಲ್ಲಿ ಕೆಲಸ.

“ನಾಳೆ ಟಿಕೆಟ್ ಮಾಡಿಕೊಡು,” ಎಂದರು ಲೀಲಾಧರ.

“ಮಾಡ್ಲಿಕ್ಕೆ ಎಂತ ಲೀಲಣ್ಣ? ಆದ್ರೆ ಅಲ್ಲಿ ಸೈನ್ಯಕ್ಕೂ ಬಂಡುಕೋರರಿಗೂ ಲಡಾಯಿ ನಡೀತಾ ಉಂಟಲ್ಲ?”

“ಅದೆಲ್ಲ ಗಡಿ ಕಡೆ ಮಾರಾಯ್ತಿ. ರಂಗೂನಿಗೆ ಹೋದವರು ದಿನಾ ರೀಲ್ ಹಾಕ್ತಾರೆ.”

“ನಿಮ್ಮ ನಾಗ ರಂಗೂನಲ್ಲಿ ಉಂಟಾ?”

ಲೀಲಾಧರರ ಮಗಳು ಪ್ರಣೀತಾ ನಕ್ಕಳು. “ಪಪ್ಪಾ, ಪಾಯಿಂಟ್ ತೋ ಹೈ! ಕೇಳಿದ್ದು ಸರಿಯೇ ಅಲ್ವಾ!”

ರಮಿತಾ ಫೋನಿನಲ್ಲಿ ವಿದೇಶಾಂಗ ಸಚಿವಾಲಯದ ಜಾಲತಾಣ ತೆರೆದಳು. “ಮೊದಲು ಇದನ್ನು ಓದ್ಬೇಕು. ದೇಶ ಮಾತ್ರ ಅಲ್ಲ, ನೀವು ಹೋಗುವ ಊರು, ಅಲ್ಲಿಗೆ ಹೋಗುವ ರಸ್ತೆ ಹೇಗುಂಟು ಅಂತ ನೋಡ್ಬೇಕು. ಹೆಚ್ಚಿನ ಇನ್ಶೂರೆನ್ಸಿನವರು ಯುದ್ಧದಲ್ಲಿ ಆದದ್ದಕ್ಕೆ ದುಡ್ಡು ಕೊಡುವುದಿಲ್ಲ. ದಾರಿಯಲ್ಲಿ ರತ್ನಕ್ಕನಿಗೆ ಬಿ.ಪಿ. ಏರಿದ್ರೆ ಆಸ್ಪತ್ರೆ ಎಲ್ಲಿ?”

“ಸುದರ್ಶನನೇ ಬನ್ನಿ ಅಂದಿದ್ದಾನಲ್ಲ!”

ಸುದರ್ಶನ ಆ ಊರಿನಲ್ಲಿ ನಾಗನ ಕಲ್ಲಿರುವ ಗುಡಿಯನ್ನು ನೋಡಿಕೊಳ್ಳುವ ತಮಿಳು ಕುಟುಂಬದವರು. ಪ್ರಣೀತಾ ಅವರನ್ನು ಫೇಸ್‌ಬುಕ್‌ನಲ್ಲಿ ಹುಡುಕಿದ್ದಳು.

“ಮನೆಗೆ ಬರ್ತೇವೆ ಅಂದವರಿಗೆ ಬೇಡ ಅಂತ ಯಾರು ಹೇಳ್ತಾರೆ ಅಣ್ಣ? ಬರಬಹುದಾ ಅಂತ ಕೇಳ್ಬೇಡಿ. ‘ನಿಮ್ಮ ತಾಯಿಯನ್ನು ಈಗ ಆ ರಸ್ತೆಯಲ್ಲಿ ಕಳಿಸ್ತೀರಾ’ ಅಂತ ಕೇಳಿ.”

ರತ್ನಾವತಿಯೇ ಫೋನು ತೆಗೆದುಕೊಂಡರು. ಬಾಲ್ಯದ ತಮಿಳು ಇನ್ನೂ ಬಾಯಲ್ಲಿತ್ತು. ರಮಿತಾ ಹೇಳಿದ ಹಾಗೆಯೇ ಕೇಳಿದರು. ಸುದರ್ಶನ ಇದ್ದದ್ದನ್ನು ಹೇಳಿದರು. ದಾರಿಯುದ್ದಕ್ಕೂ ತಪಾಸಣೆ, ಕೆಲವು ದಿನ ರಸ್ತೆಯೇ ಬಂದ್. ತಮ್ಮ ತಾಯಿಯನ್ನು ಅವರು ಪಕ್ಕದ ಪೇಟೆಗೂ ಕಳಿಸುತ್ತಿರಲಿಲ್ಲವಂತೆ.

ರತ್ನಾವತಿ ಫೋನು ಕೆಳಗಿಟ್ಟರು. ಲೀಲಾಧರರ ಮುಖ ಬಾಡಿತ್ತು.

“ನನಗೂ ಬೇಜಾರುಂಟು ಮಗಾ. ಆದರೆ ನಾವು ಹೋಗಿ ಆ ಹುಡುಗನಿಗೆ ತಲೆಬಿಸಿ ಕೊಡುವುದಾ? ಇಷ್ಟು ವರ್ಷ ಕಾದ ನಾಗ ಇನ್ನು ಸ್ವಲ್ಪ ಕಾಯ್ತಾನೆ. ಜೋಯಿಸರಿಗೆ ಫೋನ್ ಮಾಡು.”

ಬರ್ಮಾದ ಮೂಲನಾಗನನ್ನು ನೆನೆದು ಹತ್ತಿರದ ನಾಗನಿಗೇ ಎರೆಯಬಹುದು ಎಂದರು ಜೋಯಿಸರು.

ಪಂಚಮಿಯ ದಿನ ರತ್ನಾವತಿ ಡೊಂಬಿವ್ಲಿಯ ದೇವಸ್ಥಾನದಲ್ಲಿ ನಾಗನಿಗೆ ತನು ಅರ್ಪಿಸಿದರು. ಅದೇ ಹೊತ್ತಿಗೆ ಬರ್ಮಾದಲ್ಲಿ ಸುದರ್ಶನ ಹಳೆಯ ಕಲ್ಲಿಗೆ ಎಳನೀರು ಎರೆದು, ವಿಡಿಯೋ ಕಾಲ್‌ನಲ್ಲಿ ತೋರಿಸಿದರು.

“ಇಷ್ಟು ಸಣ್ಣದಾ!” ರತ್ನಾವತಿ ಕಣ್ಣರಳಿಸಿದರು. “ನನಗಿಂತ ಎತ್ತರ ಇತ್ತಲ್ಲ!”

“ಅಜ್ಜಿ, ತಬ್ ಆಪ್ ಛೋಟೀ ಥೀ ನಾ! ಆಗ ನೀವೇ ಸಣ್ಣವರಲ್ವಾ!” ಎಂದಳು ಪ್ರಣೀತಾ.

ಎಲ್ಲರಿಗಿಂತ ಜೋರಾಗಿ ನಕ್ಕವರು ರತ್ನಾವತಿ.

ಹಿರಿಯರ ನೆಲವನ್ನು ನೋಡುವ ಆಸೆ ನಿಮಗೂ ಇದೆಯೇ? ಅದನ್ನು ಬಿಡಬೇಡಿ. ಆದರೆ ಟಿಕೆಟ್ ತೆಗೆಯುವ ಮೊದಲು ಸರ್ಕಾರದ ಪ್ರಯಾಣ ಸಲಹೆ ಓದಿ, ವಿಮೆಯ ಷರತ್ತು ನೋಡಿ. ಹೋಗುವುದೇ ಆದರೆ ಅಲ್ಲಿನ ನಮ್ಮ ರಾಯಭಾರ ಕಚೇರಿಗೆ ತಿಳಿಸಿ, ಎಲ್ಲಿ ಉಳಿಯುತ್ತೀರೆಂದು ಮನೆಯವರಿಗೂ ಹೇಳಿಡಿ. ಅಲ್ಲಿಯವರನ್ನು ರಮಿತಾ ಹೇಳಿಕೊಟ್ಟ ಹಾಗೆ ಕೇಳಿ. ಬಂದ ಉತ್ತರ ಇಷ್ಟವಾಗದಿದ್ದರೂ ನಂಬಿ.