ಮೂರನೇ ಓದುಗರ ಅಭಿಪ್ರಾಯ

ಗಂಡಸು ಗಂಡಸನ್ನು ಪ್ರೀತಿಸುವ, ನಡುವೆ ಒಂದು ಕೊಲೆಯೂ ಆಗುವ ಕಾದಂಬರಿಗಳನ್ನು ನಾನು ಇಲ್ಲಿಯವರೆಗೆ ಮೂವತ್ತೊಂದು ಓದಿದ್ದೇನೆ. ಚಪಲಕ್ಕಲ್ಲ, ಕೆಲಸಕ್ಕೆ. ನಾನು ಓದುವ ಪ್ರಕಾಶನದವರು ನಾಲ್ಕು ವರ್ಷದ ಹಿಂದೆ ಇಂಥದ್ದೊಂದು ಮಾಲೆ ಶುರುಮಾಡಿದರು. ಅಚ್ಚಾದದ್ದೆಲ್ಲ ಖರ್ಚಾಗುತ್ತದೆ. ಯಾರು ಕೊಳ್ಳುತ್ತಾರೋ ಗೊತ್ತಿಲ್ಲ, ಕೊಂಡವರು ರಟ್ಟಿಗೆ ಬೇರೆ ಕಾಗದ ಸುತ್ತಿಕೊಂಡು ಓದುತ್ತಾರಂತೆ.

ಈ ಕಾದಂಬರಿಗಳ ಬಗ್ಗೆ ನನ್ನ ತಕರಾರು ಹಳೆಯದು. ಇವುಗಳಲ್ಲಿ ಪೊಲೀಸ್ ಅಧಿಕಾರಿ ಯಾವಾಗಲೂ ಆರಡಿ ಎತ್ತರ. ನಾನು ಠಾಣೆಯ ಮುಂದೆ ದಿನಾ ಓಡಾಡುತ್ತೇನೆ, ಅಂಥವನು ಒಬ್ಬನೂ ಕಣ್ಣಿಗೆ ಬಿದ್ದಿಲ್ಲ. ಹೆಣದ ಪಕ್ಕದಲ್ಲೇ ಪ್ರೇಮ ಶುರುವಾಗುತ್ತದೆ, ಮೂಗಿಗೆ ಕರವಸ್ತ್ರ ಹಿಡಿಯಬೇಕಾದ ಜಾಗದಲ್ಲಿ ಕಣ್ಣು ಕಣ್ಣು ಕೂಡುತ್ತವೆ. ಪ್ರೇಮ ಚೆನ್ನಾಗಿ ಬರೆಯಬಲ್ಲವನಿಗೆ ಕೊಲೆ ಬರುವುದಿಲ್ಲ, ಕೊಲೆ ಬರುವವನಿಗೆ ಪ್ರೇಮ ಬರುವುದಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಇನ್ನು ಹೆಂಡತಿ ಅಂತ ಒಬ್ಬಳಿದ್ದರೆ ಮುಗಿಯಿತು. ಒಂದೋ ಅವಳು ರಾಕ್ಷಸಿ, ಇಲ್ಲವೋ ಅವಳೇ ಹೆಣ. ಮೂರನೆಯ ಬಗೆಯ ಹೆಂಡತಿಯನ್ನು ಮೂವತ್ತೊಂದರಲ್ಲಿ ಒಬ್ಬರೂ ಬರೆದಿಲ್ಲ.

ನಮ್ಮಲ್ಲಿ ಕೆಲಸದ ಪದ್ಧತಿ ಹೀಗೆ. ಹಸ್ತಪ್ರತಿ ಬಂದ ಕೂಡಲೇ ಹೆಸರಿರುವ ಮೊದಲ ಹಾಳೆಯನ್ನು ಕಿತ್ತು ಬೀರುವಿಗೆ ಹಾಕುತ್ತಾರೆ, ಉಳಿದ ಟೈಪ್ ಹಾಳೆಗಳಿಗೆ ನಂಬರ್ ಕೊಡುತ್ತಾರೆ. ಇಬ್ಬರು ಓದುತ್ತಾರೆ. ಇಬ್ಬರದೂ ಒಂದೇ ಮಾತಾದರೆ ಅಲ್ಲಿಗೆ ಆಯಿತು. ಒಬ್ಬರು ಹೌದು, ಇನ್ನೊಬ್ಬರು ಬೇಡ ಎಂದರೆ ನನ್ನ ಹತ್ತಿರ ಬರುತ್ತದೆ. ನನ್ನ ಮಾತೇ ಕೊನೆ. ಒಂದು ಹಾಳೆಯಷ್ಟು ಅಭಿಪ್ರಾಯ ಬರೆಯಬೇಕು, ಅದನ್ನು ಟೈಪ್ ಮಾಡಿ ಒಂದು ಪ್ರತಿಯನ್ನು ಲೇಖಕರಿಗೆ ಕಳಿಸುತ್ತಾರೆ. ಕೆಳಗೆ ‘ಮೂರನೇ ಓದುಗರು’ ಎಂದಷ್ಟೇ ಇರುತ್ತದೆ. ಲೇಖಕರೆಲ್ಲ ನನ್ನನ್ನು ಗಂಡಸು ಅಂದುಕೊಂಡಿದ್ದಾರೆ. ‘ಆ ಮುದುಕನಿಗೆ ಪ್ರೀತಿ ಎಂದರೇನು ಗೊತ್ತು’ ಎಂದು ಒಬ್ಬರು ಕಾಗದ ಬರೆದಿದ್ದರು. ನಾನು ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಮೂವತ್ತೆರಡನೆಯದನ್ನು ಕೊಟ್ಟವರು ಸಂಪಾದಕಿ. ಅವರನ್ನು ಆಫೀಸಿನಲ್ಲಿ ಎಲ್ಲರೂ ಅಲ್ಪವಿರಾಮ ಎನ್ನುತ್ತಾರೆ, ಯಾವ ಮಾತನ್ನೂ ಪೂರ್ತಿ ಮುಗಿಸುವುದಿಲ್ಲ.

“ಮೇಡಂ, ಇದು ಚೆನ್ನಾಗಿದೆ, ಆದ್ರೆ ಒಬ್ಬರು ಬೇಡ ಅಂದಿದ್ದಾರೆ, ಮೊದಲನೇ ಪುಸ್ತಕ ಪಾಪ, ವಯಸ್ಸಾದವರು ಅನ್ಸುತ್ತೆ, ನೀವೇ ನೋಡಿ...”

“ಪಾಪ ಅಂತ ನಾನು ಪಾಸ್ ಮಾಡಲ್ಲ,” ಎಂದು ಚೀಲಕ್ಕೆ ಹಾಕಿಕೊಂಡೆ.

ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಅತ್ತೆ ಅಂದರೆ ಗಂಡನ ತಾಯಿ. ಗಂಡ ಇಲ್ಲ. ಇದ್ದಾರೆ, ಈ ಮನೆಯಲ್ಲಿಲ್ಲ. ಅವರು ತೂಕ-ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್, ಅಂಗಡಿಗಳ ತಕ್ಕಡಿ ಪರೀಕ್ಷೆ ಮಾಡುವವರು. ಒಂಬತ್ತು ವರ್ಷದ ಹಿಂದೆ ತಾವಾಗಿ ಕೇಳಿಕೊಂಡು ವರ್ಗ ಮಾಡಿಸಿಕೊಂಡು ಹೋದರು, ಆಮೇಲೆ ‘ಹೊಂದಾಣಿಕೆಯಿಲ್ಲ’ ಎಂದು ಬರೆದ ಅರ್ಜಿಗೆ ಇಬ್ಬರೂ ರುಜು ಹಾಕಿದೆವು. ಹನ್ನೊಂದು ವರ್ಷದ ಸಂಸಾರದಲ್ಲಿ ನಾವು ಜಗಳವಾಡಿದ್ದೇ ಕಡಿಮೆ, ಅರ್ಜಿ ಓದಿದ ವಕೀಲರಿಗೇ ಬೇಸರವಾಯಿತು. ಅತ್ತೆ ಮಾತ್ರ ಮಗನ ಜೊತೆ ಹೋಗಲಿಲ್ಲ. “ನಿನ್ನ ಜೊತೆ ಜಗಳ ಆಡಿ ಅಭ್ಯಾಸ ಆಗ್ಹೋಗಿದೆ, ಈ ವಯಸ್ಸಲ್ಲಿ ಹೊಸಬರ ಜೊತೆ ಹೊಸದಾಗಿ ಶುರುಮಾಡೋಕಾಗಲ್ಲ,” ಎಂದರು. ಮಗ ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತಾರೆ, ನಾನು ಎತ್ತಿ “ಕೊಡ್ತೀನಿ” ಎಂದು ಅತ್ತೆಗೆ ಕೊಡುತ್ತೇನೆ. ನಾನು ಮನೆಯಲ್ಲಿ ಕೂತು ಕರಡು ತಿದ್ದುತ್ತೇನೆ ಎಂದಷ್ಟೇ ಗಂಡನಿಗೆ ಗೊತ್ತು.

ಅತ್ತೆಯ ಕಣ್ಣು ಮಂಜಾದ ಮೇಲೆ ಹಸ್ತಪ್ರತಿಗಳನ್ನು ಮಧ್ಯಾಹ್ನ ಗಟ್ಟಿಯಾಗಿ ಓದುತ್ತೇನೆ. ಮುತ್ತು ಕೊಡುವ ಭಾಗಗಳನ್ನು ಹಾರಿಸುತ್ತೇನೆ. ಅತ್ತೆಗೆ ಬೇಕಾದದ್ದು ಹೆಣ. ಕೊಂದವನನ್ನು ಹೆಚ್ಚಾಗಿ ನನಗಿಂತ ಮೊದಲೇ ಹಿಡಿಯುತ್ತಾರೆ, ಹಿಡಿದ ಮೇಲೆ ನನ್ನನ್ನು ಪೆದ್ದಿ ಎನ್ನುತ್ತಾರೆ.

ಈ ಕಾದಂಬರಿಯ ನಾಯಕ ಕೈಗಡಿಯಾರ ರಿಪೇರಿ ಮಾಡುವವನು. ಊರಿನ ಪಶುವೈದ್ಯನ ಮೇಲೆ ಅವನಿಗೆ ಪ್ರೀತಿ. ಮನೆಯಲ್ಲಿ ಹೆಂಡತಿ, ಸಾಧು, ಅಡುಗೆ ಮಾಡಿಕೊಂಡು ಸ್ವೆಟರ್ ಹೆಣೆದುಕೊಂಡು ಇರುವವಳು, ‘ಏನೊಂದೂ ಅರಿಯದವಳು’. ವೈದ್ಯನ ಕ್ಲಿನಿಕ್ಕಿನ ಕಾಂಪೌಂಡರನಿಗೆ ಗುಟ್ಟು ತಿಳಿದುಬಿಡುತ್ತದೆ. ‘ನಿನ್ನ ಹೆಂಡತಿಗೆ ಹೇಳಿಬಿಡುತ್ತೇನೆ’ ಎಂದು ನಾಯಕನನ್ನು ಕುಣಿಸಲು ಶುರುಮಾಡುತ್ತಾನೆ. ಮೂರನೇ ಅಧ್ಯಾಯದಲ್ಲಿ ಹೆಂಡತಿ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿರುತ್ತಾಳೆ. ಪೊಲೀಸರಿಗೆ ಗಂಡನ ಮೇಲೂ ವೈದ್ಯನ ಮೇಲೂ ಅನುಮಾನ.

ನಾಯಕ ಯಾವ ಅಂಗಡಿಗೆ ಹೋದರೂ ಅಂಗಡಿಯವನ ಮುಖ ನೋಡುವ ಮೊದಲು ತಕ್ಕಡಿಯ ಮುಳ್ಳು ನೋಡುತ್ತಿದ್ದ. ಗಡಿಯಾರದವನಿಗೆ ತಕ್ಕಡಿಯ ಉಸಾಬರಿ ಯಾಕೆ ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ. ಎರಡು ಪುಟ ಆದಮೇಲೆ ಹೆಂಡತಿ ಕೋಪ ಬಂದಾಗ ಪಾತ್ರೆಗಳನ್ನು ಎತ್ತರದ ಪ್ರಕಾರ ಜೋಡಿಸುತ್ತಿದ್ದಳು ಎಂದಿತ್ತು. ನಾನು ಓದುವುದನ್ನು ನಿಲ್ಲಿಸಿದೆ. ಎದುರಿನ ಶೆಲ್ಫಿನಲ್ಲಿ ಪಾತ್ರೆಗಳು ಎತ್ತರದ ಪ್ರಕಾರವೇ ನಿಂತಿದ್ದವು.

“ಯಾಕೆ ನಿಲ್ಲಿಸ್ದೆ?” ಎಂದರು ಅತ್ತೆ.

“ಚೆನ್ನಾಗಿಲ್ಲ ಅತ್ತೆ. ತಲೆ ಬುಡ ಇಲ್ಲ. ಬೇರೆ ಓದ್ತೀನಿ.”

“ಹೆಣ ಬಿದ್ದಮೇಲೆ ನಿಲ್ಲಿಸ್ಬಾರ್ದು ಕಣೇ. ಓದು.”

ಓದಿದೆ. ಪಶುವೈದ್ಯ ಬಂದ ಕಡೆಗಳಲ್ಲೆಲ್ಲ ಹಾಳೆ ಮಗುಚಿದೆ. ಅತ್ತೆಗೆ ಮಗನ ಈ ವಿಷಯ ಗೊತ್ತಿಲ್ಲ ಎಂದು ನಾನು ಹದಿನೆಂಟು ವರ್ಷದಿಂದ ನಂಬಿಕೊಂಡು ಬಂದಿದ್ದೆ, ಗೊತ್ತಾಗದ ಹಾಗೆ ಕಾಪಾಡಿದ್ದೆ ಕೂಡ. ನಲವತ್ತನೇ ಪುಟಕ್ಕೆ ಅವರು ಕೈ ಎತ್ತಿದರು.

“ಮೂರು ಸಲ ಹಾರಿಸ್ದೆ. ಕಣ್ಣು ಮಂಜಾಗಿದೆ, ಕಿವಿ ಅಲ್ಲ. ಹಾಳೆ ಸದ್ದು ಕೇಳ್ಸುತ್ತೆ.”

“ಅದೆಲ್ಲ ಬೇಡದ್ದು ಅತ್ತೆ.”

“ಡಾಕ್ಟ್ರು ಬರೋ ಜಾಗ ತಾನೆ? ಇದು ನಮ್ಮವನು ಬರೆದಿರೋದು ಕಣೇ. ಪಾತ್ರೆ ಜೋಡಿಸ್ದಾಗ್ಲೇ ಗೊತ್ತಾಯ್ತು.” ನನ್ನ ಕಡೆ ತಿರುಗಿ, “ಆ ಡಾಕ್ಟ್ರ ವಿಷ್ಯ ನಿಂಗೂ ಗೊತ್ತಿತ್ತಾ?” ಎಂದರು.

“ನಿಮಗೆ?”

“ಹೆತ್ತೋಳಿಗೆ ಗೊತ್ತಿರಲ್ವಾ? ನೀನು ನೊಂದ್ಕೋತೀಯ ಅಂತ ಬಾಯಿಗೆ ಬೀಗ ಹಾಕ್ಕೊಂಡಿದ್ದೆ.”

ನಾನೂ ಅದಕ್ಕೇ ಎಂದೆ. ಇಬ್ಬರಿಗೂ ನಗು ಬಂತು, ಬೇಗ ನಿಂತೂ ಹೋಯಿತು. ಆಮೇಲೆ ಅತ್ತೆಗೆ ಕೋಪ ಬಂತು. ಇಡೀ ಕಾದಂಬರಿಯಲ್ಲಿ ನಾಯಕನ ತಾಯಿ ಎಲ್ಲೂ ಇರಲಿಲ್ಲ, ಕಥೆ ಶುರುವಾಗುವ ಮೊದಲೇ ತೀರಿಕೊಂಡಿದ್ದಳು. “ನಿನ್ನನ್ನಾದ್ರೂ ಮೂರನೇ ಅಧ್ಯಾಯದವರೆಗೆ ಬದುಕ್ಸಿದಾನೆ,” ಎಂದು ಗೋಡೆ ಕಡೆ ತಿರುಗಿ ಮಲಗಿಬಿಟ್ಟರು.

ಉಳಿದದ್ದನ್ನು ಒಬ್ಬಳೇ ಓದಿದೆ, ಹಾರಿಸದೆ. ಒಪ್ಪಿಕೊಳ್ಳಬೇಕು, ಪ್ರೇಮದ ಭಾಗ ಚೆನ್ನಾಗಿತ್ತು. ಈ ಮಾಲೆಯಲ್ಲಿ ಅಷ್ಟು ಚೆನ್ನಾಗಿ ಬರೆದದ್ದನ್ನು ನಾನು ನೋಡಿಲ್ಲ. ಇಬ್ಬರು ನಡುವಯಸ್ಸಿನ ಗಂಡಸರು ಕ್ಲಿನಿಕ್ಕಿನ ಹಿಂದಿನ ಬೆಂಚಿನ ಮೇಲೆ ಕೂತು, ಆಪರೇಷನ್ ಆದ ನಾಯಿಗೆ ಎಚ್ಚರವಾಗುವುದನ್ನು ಕಾಯುವ ಹತ್ತು ಪುಟಗಳಿದ್ದವು. ನನಗೆ ಹೊಟ್ಟೆಕಿಚ್ಚಾಯಿತು. ವೈದ್ಯನ ಮೇಲಲ್ಲ, ಆ ಹತ್ತು ಪುಟದ ಮೇಲೆ. ನಮ್ಮ ಹನ್ನೊಂದು ವರ್ಷಕ್ಕೆ ಅವರು ಕೊಟ್ಟದ್ದು ಒಂದೂವರೆ ಪುಟ.

ಕೊಲೆಯ ಭಾಗ ಮಾತ್ರ ಟೊಳ್ಳು. ಎಲ್ಲವೂ ನಿಂತಿದ್ದು ಒಂದೇ ಕಂಬದ ಮೇಲೆ: ಹೆಂಡತಿಗೆ ಏನೂ ಗೊತ್ತಿಲ್ಲ. ಗೊತ್ತಿದ್ದರೆ ಕಾಂಪೌಂಡರನ ಬೆದರಿಕೆಗೆ ಬೆಲೆಯಿಲ್ಲ, ಬೆದರಿಕೆ ಇಲ್ಲದಿದ್ದರೆ ಕೊಲೆಯಿಲ್ಲ, ಕೊಲೆಯಿಲ್ಲದಿದ್ದರೆ ಈ ಮಾಲೆಯಲ್ಲಿ ಜಾಗವಿಲ್ಲ. ಸುಮ್ಮನೆ ಪಾಸ್ ಮಾಡಿದರೆ ನಾನು ಅಚ್ಚಿನಲ್ಲಿ ಎಂದೆಂದಿಗೂ ಪೆದ್ದಿ. ಇದ್ದದ್ದು ಇದ್ದ ಹಾಗೆ ಬರೆದರೆ ಅವರ ಪುಸ್ತಕ ಬಿದ್ದುಹೋಗುತ್ತದೆ. ಐವತ್ತೆಂಟನೇ ವಯಸ್ಸಿಗೆ ಮೊದಲ ಪುಸ್ತಕ ಬರೆದವರು ಎರಡನೆಯದನ್ನು ಬರೆಯುವುದು ಅನುಮಾನ. ಲೇಖಕರು ಪರಿಚಯದವರಾದರೆ ಹಸ್ತಪ್ರತಿಯನ್ನು ವಾಪಸ್ ಕೊಡಬೇಕೆಂಬ ನಿಯಮವೂ ನಮ್ಮಲ್ಲಿದೆ. ನಾನು ಕೊಡಲಿಲ್ಲ. ಕೊಡಬೇಕಿತ್ತು.

ಎರಡು ದಿನ ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆದೆ.

‘ಪ್ರೇಮದ ಭಾಗಗಳನ್ನು ಒಂದಕ್ಷರವೂ ಮುಟ್ಟಬಾರದು. ಕೊಲೆಯ ಭಾಗ ನಿಲ್ಲುವುದಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕ ಕುರುಡಾಗುವುದಿಲ್ಲ. ಒಂದೇ ಸೂರಿನ ಕೆಳಗೆ ಹನ್ನೊಂದು ವರ್ಷ ಇದ್ದವಳಿಗೆ, ದಿನಾ ಅಡುಗೆಮನೆಯ ಕಿಟಕಿಯಿಂದ ಗೇಟಿನಲ್ಲಿ ಇಬ್ಬರೂ ನಿಂತು ಬೀಳ್ಕೊಡುವುದನ್ನು ನೋಡಿದವಳಿಗೆ ಗೊತ್ತಿಲ್ಲ ಎಂದರೆ ಯಾವ ಓದುಗರೂ ನಂಬುವುದಿಲ್ಲ. ಹೆಂಡತಿಗೆ ಗೊತ್ತಿತ್ತು ಎಂದು ಇಟ್ಟುಕೊಂಡು ಕೊಲೆಯನ್ನು ಹೊಸದಾಗಿ ಕಟ್ಟಬೇಕು. ಕಾಂಪೌಂಡರನ ಪಾತ್ರ ತೀರಾ ನಾಟಕೀಯ, ಅಂಥ ನೀಚರು ನಿಜಜೀವನದಲ್ಲಿ ಸಿಗುವುದಿಲ್ಲ, ತೆಗೆಯಬಹುದು. ಇಷ್ಟಾದರೆ ಪ್ರಕಟಿಸಬಹುದು.’

ಓದಿ ನೋಡಿದೆ. ನ್ಯಾಯವಾಗಿದೆ ಅನ್ನಿಸಿತು. ಪುಸ್ತಕವೂ ಬದುಕುತ್ತದೆ, ನನ್ನ ಮಾನವೂ ಉಳಿಯುತ್ತದೆ. ಬರೆದದ್ದು ಯಾರೆಂದು ಅವರಿಗೆ ತಿಳಿಯುವುದಿಲ್ಲ ಎಂಬ ಧೈರ್ಯವೂ ಇತ್ತು. ಅಲ್ಪವಿರಾಮ ಹಾಳೆ ತೆಗೆದುಕೊಂಡು, “ಮೇಡಂ, ಇಷ್ಟು ಮೆತ್ತಗೆ ನೀವು ಯಾವತ್ತೂ,” ಎಂದು ಅಲ್ಲಿಗೇ ನಿಲ್ಲಿಸಿದರು.

ಹತ್ತು ದಿನ ಕಳೆದು ಭಾನುವಾರ ಫೋನ್ ಬಂತು. ನಾನು ಎತ್ತಿ “ಕೊಡ್ತೀನಿ” ಎಂದೆ.

“ಬೇಡ, ಇರು,” ಎಂದರು. “ನನ್ನ ಅಡುಗೆಮನೆಗೆ ಕಿಟಕಿ ಇಲ್ಲ.”

“ಏನು?”

“ಪುಸ್ತಕದಲ್ಲಿ. ಮೂರು ಸಲ ಹುಡುಕ್ದೆ. ನಾನು ಕಿಟಕಿ ಬರೆದೇ ಇಲ್ಲ. ಗೇಟೂ ಬರೆದಿಲ್ಲ. ಮೂರನೇ ಓದುಗರಿಗೆ ಅದು ಎಲ್ಲಿಂದ ಕಾಣಿಸ್ತು?”

ಮೂವತ್ತೊಂದು ಕಾದಂಬರಿಗಳಲ್ಲಿ ಕೊಲೆಗಾರರು ಇಂಥದ್ದೇ ತಪ್ಪು ಮಾಡಿ ಸಿಕ್ಕಿಬಿದ್ದಾಗ ‘ಇಷ್ಟು ದಡ್ಡರು ಇರುತ್ತಾರೆಯೇ’ ಎಂದು ಬರೆದವಳು ನಾನು. ಮೇಜಿನ ಪಕ್ಕದಲ್ಲೇ ಕಿಟಕಿ ತೆರೆದಿತ್ತು. ಹೊರಗೆ ಗೇಟು.

“ಯಾವಾಗಿಂದ ಗೊತ್ತಿತ್ತು?” ಎಂದರು.

“ಎರಡನೇ ವರ್ಷದಿಂದ.”

“ಅಂದ್ರೆ ಒಂಬತ್ತು ವರ್ಷ. ಯಾಕೆ ಸುಮ್ಮನಿದ್ದೆ?”

“ನೀವೇ ಹೇಳ್ಲಿ ಅಂತ.” ಇದನ್ನು ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯೇ ಇತ್ತು. ಇಷ್ಟು ವರ್ಷ ನನ್ನ ಬಗ್ಗೆ ನನಗಿದ್ದ ಒಳ್ಳೆಯ ಅಭಿಪ್ರಾಯಕ್ಕೆಲ್ಲ ಆ ಮೌನವೇ ಆಧಾರ. ನಾನು ಕೂಗಾಡಲಿಲ್ಲ, ಹಂಗಿಸಲಿಲ್ಲ, ಯಾರಿಗೂ ಹೇಳಲಿಲ್ಲ.

ಅವರು, “ಆ ಕಾಂಪೌಂಡರ್ ಕಟ್ಟುಕಥೆ ಅಲ್ಲ ಕಣೇ,” ಎಂದರು.

ನಾನು ಕುರ್ಚಿಯ ಮೇಲೆ ಕೂತೆ.

“ಆರು ವರ್ಷ. ನಿಂಗೆ ಹೇಳ್ತೀನಿ, ಅಮ್ಮಂಗೆ ಹೇಳ್ತೀನಿ ಅಂತ. ಅವನ ತಮ್ಮನ ಅಂಗಡೀಲಿ ತಕ್ಕಡಿ ಮೋಸ ಇತ್ತು, ಕಣ್ಣಾರೆ ನೋಡಿ ಸರಿ ಇದೆ ಅಂತ ಮುದ್ರೆ ಹಾಕ್ದೆ. ಒಂದಲ್ಲ, ಆರು ವರ್ಷ. ಗೇಟ್ ಸದ್ದಾದ್ರೆ ಅವನೇ ಬಂದ ಅಂತ ಎದೆ ಒಡೆಯೋದು. ಕೊನೆಗೆ ವರ್ಗ ಕೇಳ್ಕೊಂಡು ಓಡ್ಹೋದೆ. ನೀನು ಒಂದು ಮಾತು... ‘ನಂಗೊತ್ತು’ ಅಂತ ಮೂರಕ್ಷರ ಹೇಳಿದ್ರೆ ಸಾಕಿತ್ತು. ಅವತ್ತೇ ಅವನ ಬಾಯಿ ಮುಚ್ಚಿಹೋಗ್ತಿತ್ತು.”

ಬೈಯುವ ದನಿಯಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ನನ್ನಲ್ಲೂ ಸಾಕಷ್ಟು ಸರಕಿತ್ತು. ನಾನು ಕಿಟಕಿಯಲ್ಲಿ ನಿಂತು ಅವರು ಗೇಟಿನ ಹತ್ತಿರ ಬೆಚ್ಚಿಬೀಳುವುದನ್ನು ನೋಡಿದ್ದೆ, ಎಷ್ಟೋ ಸಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡು ಒಳಗೊಳಗೇ ಸಮಾಧಾನಪಟ್ಟಿದ್ದೆ. ಹೆದರಲಿ ಬಿಡು ಎಂದುಕೊಂಡಿದ್ದೆ. ಅದನ್ನು ಈಗ ನೆನೆದು ನನಗೆ ನಾಚಿಕೆಯಾಯಿತು. ಇಂಥ ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

“ತಪ್ಪಾಯ್ತು,” ಎಂದೆ. ಹನ್ನೊಂದು ವರ್ಷದಲ್ಲಿ ಅವರಿಗೆ ಈ ಮಾತು ಹೇಳಿದ ನೆನಪಿಲ್ಲ.

“ನಂದೂ ಇದೆ,” ಎಂದರು. “ನಿನ್ನ ಸಾಯಿಸ್ಬಾರ್ದಿತ್ತು.”

“ಕಥೆಗೆ ಬೇಕಿತ್ತು. ಅದಕ್ಕೆ ನನ್ನ ಆಕ್ಷೇಪಣೆ ಇಲ್ಲ. ಕಾಂಪೌಂಡರನ್ನ ತೆಗೀಬೇಡಿ, ನಾಳೆ ಆಫೀಸಿಗೆ ಹೋಗಿ ಆ ಸಾಲು ಹೊಡೆದು ಹಾಕ್ತೀನಿ. ನಾನು ಯಾರು ಅಂತಾನೂ ಹೇಳಿಬಿಡ್ತೀನಿ.”

“ಕೆಲಸ ಹೋಗಲ್ವಾ?”

“ಹೋದ್ರೆ ಹೋಗ್ಲಿ.”

ಅಷ್ಟರಲ್ಲಿ ಅತ್ತೆ ಒಳಗಿನಿಂದ, ಇವತ್ತು ಫೋನ್ ನನಗೆ ಕೊಡಲ್ವೇನೇ ಎಂದು ಕೂಗಿದರು. ಫೋನ್ ಕೊಡುವ ಮೊದಲು ಅವರಿಗೆ ಹೇಳಿದೆ, “ಮುಂದಿನ ಭಾನುವಾರ ಫೋನ್ ಬೇಡ. ಊಟಕ್ಕೇ ಬನ್ನಿ. ಇಬ್ಬರೂ ಬನ್ನಿ.”

“ಇಬ್ಬರು ಅಂದ್ರೆ?” ಎಂದರು ತಟ್ಟನೆ, “ನಾನೊಬ್ಬನೇ ಇರೋದಲ್ವಾ ಇಲ್ಲಿ.”

ಅಂದ ಮೇಲೆ ಅವರಿಗೇ ಗೊತ್ತಾಯಿತು, ಮತ್ತೆ ಮುಚ್ಚಿಟ್ಟೆನೆಂದು. ಇಪ್ಪತ್ತು ವರ್ಷದ ಅಭ್ಯಾಸ, ಒಂದು ಬೆಳಗಿಗೆ ಹೋಗುವಂಥದ್ದಲ್ಲ. ನಾನು ಕಾಯಲಿಲ್ಲ.

“ನೀವು, ನಿಮ್ಮ ಡಾಕ್ಟ್ರು,” ಎಂದೆ. “ನಂಗೊತ್ತು.”