ಅಟ್ಟದ ಮೇಲೆ ಸೌಮ್ಯ ಬರೆದ ಚಿತ್ರ

ಕಿಬ್ಬನಹಳ್ಳಿಯಲ್ಲಿ ಬಸ್ಸುಗಳು ನಿಲ್ಲುವುದೇ ಅಲ್ಲಿ ನನ್ನ ಫೋಟೊ ಸ್ಟುಡಿಯೋ ಇದೆ ಅಂತ. ನಾನು ತೆಗೆದ ತನ್ನ ಫೋಟೊ ನೋಡಿದ ಎಮ್ಮೆಯೊಂದು ಆಮೇಲೆ ಕೆಸರಿಗೆ ಇಳಿಯುವುದನ್ನೇ ಬಿಟ್ಟಿತು. ಇಂಥ ನನ್ನನ್ನು ಶಿವರುದ್ರಮ್ಮನವರು ಕರೆದದ್ದು ತಮ್ಮ ಪಾಳುಮನೆಯ ಒಂದು ಗೋಡೆಯ ಫೋಟೊ ತೆಗೆಯಲು.

ರಸ್ತೆ ಅಗಲ ಮಾಡುವವರ ಜೆಸಿಬಿ ಆಗಲೇ ಪಕ್ಕದ ಮನೆ ಕೆಡವುತ್ತಿತ್ತು. ಮುಂದಿನದು ಇದೇ. ಶಿವರುದ್ರಮ್ಮನವರ ಮಗಳು ಸೌಮ್ಯ ಬಹಳ ಹಿಂದೆ, ಏಳು ವರ್ಷದವಳಿದ್ದಾಗ, ಜ್ವರ ಬಂದು ತೀರಿಹೋದಳಂತೆ. ಮಗುವಿನದೊಂದು ಫೋಟೊ ಕೂಡ ಇಲ್ಲ. ಉಳಿದಿರುವುದು ಅಟ್ಟದ ಗೋಡೆಯ ಮೇಲೆ ಅವಳು ಇದ್ದಲಿನಲ್ಲಿ ಬರೆದ ಅಮ್ಮನ ಚಿತ್ರ ಮಾತ್ರ. ಗೋಡೆಯೊಳಗಿನ ಇಟ್ಟಿಗೆಯನ್ನೂ ನಗಿಸಿ ಫೋಟೊ ಹೊಡೆಯುತ್ತೇನೆ ಎಂದು ಧೈರ್ಯ ಹೇಳಿದೆ.

ಒಳಗೆ ಹೋರಿಯನ್ನೇ ತಡೆದು ನಿಲ್ಲಿಸುವಂಥ ಜೇಡರ ಬಲೆ, ಆಡಿನ ಗಾತ್ರದ ಬಾವಲಿಗಳು. ನಡುಮನೆ, ಒರಳು, ಮುರಿದ ಹೆಂಚಿನ ಸಂದಿಯಿಂದ ಇಳಿದ ಬಿಸಿಲು ಎಲ್ಲದರ ಫೋಟೊ ಹೊಡೆದುಕೊಂಡು ಏಣಿ ಹತ್ತಿದೆ.

ಗೋಡೆ ಬಾಣಲೆಯ ತಳದಂತೆ ಕರ್ರಗಿತ್ತು; ಚಿತ್ರದ ಒಂದು ಗೆರೆಯೂ ಕಾಣಲಿಲ್ಲ. ಫ್ಲ್ಯಾಷ್ ಹಾಕಿದೆ. ಟಾರ್ಚನ್ನು ಓರೆಯಾಗಿ ಹಿಡಿದೆ. ಒಂದು ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಸವರಿದರೆ ಮಸಿಯ ಜೊತೆ ಸುಣ್ಣವೂ ಚಕ್ಕೆಯಾಗಿ ಉದುರಿತು.

ಇಲ್ಲಿ ಹೊಗೆ ಹಾಕುತ್ತಿದ್ದವರು ಯಾರು ಎಂದು ಮೇಲಿನಿಂದಲೇ ಕೇಳಿದೆ. ಮಗು ಹೋದ ಮೇಲೆ ಮನೆಯವರೆಲ್ಲ ತೋಟಕ್ಕೆ ಹೋಗಿ ನೆಲೆಸಿದ್ದರು. ಈ ಅಟ್ಟ ಕೊಬ್ಬರಿಗೆಂದು ಒಣಗಲು ಬಿಟ್ಟ ತೆಂಗಿನಕಾಯಿ ಇಡಲು ಉಳಿದಿತ್ತು. ಮಳೆಗಾಲದಲ್ಲಿ ಕಾಯಿ ಕೊಳೆಯದಿರಲೆಂದು ಕೆಳಗೆ ತೆಂಗಿನ ಸಿಪ್ಪೆಯ ಹೊಗೆ ಹಾಕಬೇಕು. ಕಾಯಿ ಏರಿಸುವುದು ಗಂಡಸರು, ಹೊಗೆ ನೋಡಿಕೊಳ್ಳುವುದು ಹೆಂಗಸರು.

ಏಣಿ ಹಿಡಿದು ನಿಂತಿದ್ದ ಶಿವರುದ್ರಮ್ಮನವರು ತಲೆಯೆತ್ತಿ ಮೇಲೆ ನೋಡಿದರು.

“ನಾನೇ ಕಣಪ್ಪ. ಅದನ್ ನೋಡಿದ್ರೆ ತಡ್ಕಳಕಾಗಲ್ಲ ಅಂತ ಮ್ಯಾಕೆ ಹತ್ತಲೇ ಇಲ್ಲ. ಇಲ್ಲೇ ಕೂತು ಹೊಗೆ ಹಾಕ್ತಿದ್ದೆ.”

ಒದ್ದೆ ಬಟ್ಟೆ ಕೊಡಲೇ ಎಂದರು. ಒರೆಸಿದರೆ ಗೋಡೆಯೇ ಕಿತ್ತು ಬರುತ್ತದೆ ಎಂದೆ. ಹೊರಗೆ ಜೆಸಿಬಿಯವನು ಹಾರನ್ ಹೊಡೆದ.

“ಹಂಗೇ ಹೊಡಿ ಬುಡು,” ಎಂದರು ಶಿವರುದ್ರಮ್ಮನವರು.

ಹೊಡೆದೆ. ಇಳಿದು ತೋರಿಸಿದೆ. ಅವರು ಕ್ಯಾಮೆರಾವನ್ನು ಬಾಗಿಲ ಬೆಳಕಿಗೆ ಹಿಡಿದು ಸೆರಗಿನಿಂದ ಪರದೆ ಒರೆಸಿದರು. ಮತ್ತೂ ಒರೆಸಿದರು.

“ಇದ್ರಲ್ಲಿ ಯಾವ್ ಕಡೆ ಐತಪ್ಪ ನನ್ ಮುಖ?”

ಆ ಕಪ್ಪಿನಲ್ಲಿ ಒಂದು ಕಡೆ ಬೆರಳಿಟ್ಟೆ. ಅವರು ಅಲ್ಲೇ ನೋಡುತ್ತ ನಿಂತರು. ಬೆರಳು ತೆಗೆಯಲು ನನಗಾಗಲಿಲ್ಲ.